ಒಟಿಪಿ ಹೇಳಬೇಡಿ ಎನ್ನುವವರೂ ನಾವೇ, ಕೇಳುವವರೂ ನಾವೇ



ನಮ್ಮ ಬೀದಿಯಲ್ಲಿ ಒಬ್ಬ ದೊಡ್ಡಮ್ಮ ಇದ್ದಾರೆ. ಹೆಸರು ಬೇಡ. ಕೂಲಿ ಮಾಡಿ ಮನೆ ನಡೆಸಿದವರು. ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವರ ಫೋನಿಗೆ ಕರೆ ಬಂತು. ಮಾತಾಡಿದವನು ತಮಿಳು, ಕನ್ನಡ ಎರಡನ್ನೂ ಬೆರೆಸಿ ಮರ್ಯಾದೆಯಾಗಿಯೇ ಮಾತಾಡಿದ. ನಿಮಗೆ ಬರುವ ತಿಂಗಳ ಸಾವಿರ ರೂಪಾಯಿ ಮುಂದಿನ ತಿಂಗಳಿಂದ ನಿಂತುಹೋಗುತ್ತದೆ, ನಿಲ್ಲಬಾರದು ಅಂದರೆ ಬ್ಯಾಂಕ್ ಖಾತೆ ಸರಿ ಮಾಡಿಸಬೇಕು ಎಂದ. ಎಟಿಎಂ ಕಾರ್ಡಿನ ಮೇಲಿರುವ ನಂಬರು ಕೇಳಿದ, ಇವರು ಹೇಳಿದರು. ಹಿಂದೆ ಇರುವ ಮೂರು ಅಂಕಿ ಕೇಳಿದ, ಹೇಳಿದರು. ಆಮೇಲೆ ಫೋನಿಗೆ ಬಂದ ಆರು ಅಂಕಿಯನ್ನೂ ಕೇಳಿದ. ದೊಡ್ಡಮ್ಮನಿಗೆ ಇಂಗ್ಲಿಷ್ ಓದಲು ಬಾರದು, ಆದರೆ ಅಂಕಿ ಬರುತ್ತದೆ. ಒಂದೊಂದಾಗಿ ಓದಿ ಹೇಳಿದರು. ಖಾತೆಯಲ್ಲಿದ್ದ 6,000 ಚಿಲ್ಲರೆ ರೂಪಾಯಿ ಹೋಯಿತು.

ಅವರು ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ತಿರುಪ್ಪೂರಿನಲ್ಲಿ ಕೆಲಸಕ್ಕಿರುವ ಮಗ ಬೈಯುತ್ತಾನೆ ಎಂಬ ಭಯ. ಐದನೆಯ ದಿನ ಪಾಸ್‌ಬುಕ್ ಹಿಡಿದು ನನ್ನ ಹತ್ತಿರ ಬಂದರು. "ಇಷ್ಟು ಸಲ ಹೇಳಿದ್ದೀವಲ್ಲ ದೊಡ್ಡಮ್ಮ, ಒಟಿಪಿ ಯಾರಿಗೂ ಹೇಳಬೇಡಿ ಅಂತ" ಎಂದೆ. ಅವರು ಸಿಟ್ಟಿಲ್ಲದೆ ಹೇಳಿದರು: "ನೀನೂ ಹಿಂಗೇ ಕೇಳ್ತಿದ್ದಲ್ಲ ಮಗ. ಹೇಳಮ್ಮ ಹೇಳಮ್ಮ ಬೇಗ ಅಂತಿದ್ದೆ. ಅವ್ನೂ ಹಂಗೇ ಕೇಳ್ದ. ಹೇಳ್ಬುಟ್ಟೆ."

ನನಗೆ ಮಾತೇ ಬರಲಿಲ್ಲ. ಅವರು ಹೇಳಿದ್ದು ನಿಜ. ಗ್ಯಾಸ್ ಬುಕ್ ಮಾಡುವಾಗ, ಆನ್‌ಲೈನ್ ಅರ್ಜಿ ಹಾಕುವಾಗ, ಆಧಾರ್ ಕಾಗದ ತೆಗೆಯುವಾಗ ಅವರ ಕೈಯಿಂದ ಫೋನ್ ಕಿತ್ತುಕೊಂಡು ನಾನೇ ಒತ್ತುತ್ತಿದ್ದೆ. ಫೋನ್ ಅವರ ಕೈಯಲ್ಲೇ ಇದ್ದರೆ ನಂಬರು ಓದಿ ಎನ್ನುತ್ತಿದ್ದೆ. ಕೇಳಿದವರಿಗೆ ಒಟಿಪಿ ಹೇಳುವ ಅಭ್ಯಾಸವನ್ನು ಅವರಿಗೆ ಕಲಿಸಿದ್ದು ಆ ಕಳ್ಳನಲ್ಲ, ನಾನು.

ಇದನ್ನು ಬರೆಯುತ್ತಿರುವುದು ಆ ಕಾರಣಕ್ಕೆ. ಇಂಟರ್ನೆಟ್ ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ಯುವಜನರ ಕೂಟಗಳಲ್ಲಿ ಬೇಕಾದಷ್ಟು ಚರ್ಚೆ ಮಾಡಿದ್ದೇವೆ. ನನ್ನ ಪ್ರಕಾರ ತಿಗನಾರೆಯಂಥ ಊರಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಫೋನ್ ಯಾರ ಕೈಯಲ್ಲಿದೆ? ಬಳಸಲು ಬರುವವರು ಬಾರದವರಿಗೆ ಏನು ಮಾಡುತ್ತಿದ್ದಾರೆ?

ಒಳ್ಳೆಯದನ್ನು ಮೊದಲು ಒಪ್ಪಿಕೊಳ್ಳೋಣ. ಎಲೆಕೋಸು, ಆಲೂಗೆಡ್ಡೆ ತುಂಬಿ ಕಳಿಸುವ ಮೊದಲೇ ಮೇಟ್ಟುಪಾಳ್ಯದಲ್ಲಿ ಏನು ರೇಟು, ಮೈಸೂರಿನಲ್ಲಿ ಏನು ರೇಟು ಎಂದು ಇಂದು ಮನೆಯಲ್ಲೇ ತಿಳಿಯುತ್ತದೆ. 2023ರ ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆ ಹಿಡಿಯುವ ತನಕ ಕರುಪ್ಪನ್ ಆನೆ ನಮ್ಮ ತಾಳವಾಡಿ ಭಾಗದ ತೋಟಗಳಲ್ಲಿ ತಿರುಗಾಡುತ್ತಿತ್ತು. ಆಗ ಇವತ್ತು ಯಾವ ಕಡೆ ಇದೆ ಎಂಬ ಒಂದು ವಾಟ್ಸಾಪ್ ಸಂದೇಶ ನೋಡಿಯೇ ಎಷ್ಟೋ ಜನ ರಾತ್ರಿ ಕಾವಲಿಗೆ ಹೊರಟರು, ಎಷ್ಟೋ ಜನ ಮನೆಯಲ್ಲೇ ಉಳಿದರು. ಅದೇ ವಾಟ್ಸಾಪ್‌ನಲ್ಲಿ ಎಲ್ಲಿಯದೋ ಹಳೆಯ ವಿಡಿಯೋ ಹಾಕಿ ನಮ್ಮೂರಿನದು ಎಂದು ಹೆದರಿಸಿದವರೂ ಇದ್ದರು. ಉಪಕಾರವೂ ಅಪಾಯವೂ ಒಂದೇ ದಾರಿಯಲ್ಲಿ ಬಂದವು.

ಆದರೆ ಈಗ ಇಂಟರ್ನೆಟ್ ಬೇಕಾದರೆ ಬಳಸುವ, ಬೇಡವಾದರೆ ಬಿಡುವ ವಸ್ತುವಾಗಿ ಉಳಿದಿಲ್ಲ. 2023ರ ಜನವರಿ 1ರಿಂದ ನೂರು ದಿನದ ಕೆಲಸದ ಹಾಜರಾತಿಯನ್ನು ಫೋನಿನಲ್ಲಿ ಫೋಟೊ ತೆಗೆದೇ ಹಾಕಬೇಕು ಎಂದಾಯಿತು. ಅದೇ ವರ್ಷ ಸೆಪ್ಟೆಂಬರ್ 15ರಂದು ನಮ್ಮ ತಮಿಳುನಾಡು ಸರ್ಕಾರ ಮನೆಯೊಡತಿಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ಮಗಳಿರ್ ಉರಿಮೈ ಯೋಜನೆ ಶುರುಮಾಡಿತು. ಹಣ ನೇರವಾಗಿ ಬ್ಯಾಂಕಿಗೆ ಬರುತ್ತದೆ, ಬಂತು ಎಂಬ ಸುದ್ದಿ ಫೋನಿಗೆ ಬರುತ್ತದೆ. ಗುದ್ದಲಿ ಹಿಡಿಯುವ ಕೈಗೂ ಈಗ ಒಂದು ಮೊಬೈಲ್ ನಂಬರು ಬೇಕು. ದೊಡ್ಡಮ್ಮನಂಥವರು ಇಂಟರ್ನೆಟ್ಟಿಗೆ ತಾವಾಗಿ ಬಂದವರಲ್ಲ, ಅದೇ ಅವರ ಮನೆಗೆ ಬಂದಿದೆ.

ಬಂದದ್ದು ಅವರಿಗೆ ಗೊತ್ತಿರುವ ಭಾಷೆಯಲ್ಲಿ ಬರಲಿಲ್ಲ. ನಮ್ಮದು ತಮಿಳುನಾಡಿನೊಳಗಿನ ಕನ್ನಡ ಊರು. ಈರೋಡು ನಮ್ಮ ಜಿಲ್ಲೆ, ಆದರೆ ದಿಂಬಂ ಘಾಟಿಯ 27 ತಿರುವು ಇಳಿದು ಹೋಗಬೇಕು. ಚಾಮರಾಜನಗರ ಹತ್ತಿರ, ಆದರೆ ಅದು ಬೇರೆ ರಾಜ್ಯ. ನಮ್ಮ ಹಿರಿಯರಲ್ಲಿ ಓದು ಬಲ್ಲವರು ಅನೇಕರು ಓದಿದ್ದು ಕನ್ನಡ. ಅರ್ಜಿಗಳು ತಮಿಳಿನಲ್ಲಿ ಇರುತ್ತವೆ, ಬ್ಯಾಂಕಿನ ಸಂದೇಶಗಳು ಬಹುಪಾಲು ಇಂಗ್ಲಿಷಿನಲ್ಲಿ. ಒಟಿಪಿ ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆ ಆ ಸಂದೇಶದಲ್ಲೇ ಇರುತ್ತದೆ. ಓದಲು ಬಾರದ ಎಚ್ಚರಿಕೆ ಇದ್ದರೆಷ್ಟು, ಬಿಟ್ಟರೆಷ್ಟು?

ಇನ್ನೊಂದು ತೊಂದರೆ ನಾವೇ ಮಾಡಿಕೊಂಡದ್ದು. ಎಷ್ಟೋ ಮನೆಗಳಲ್ಲಿ ತಾಯಿಯ ಆಧಾರ್‌ಗೆ, ಅಜ್ಜಿಯ ಬ್ಯಾಂಕ್ ಖಾತೆಗೆ ಕೊಟ್ಟಿರುವ ನಂಬರು ಮಗನದು. ಮಗ ತಿರುಪ್ಪೂರಿನಲ್ಲೋ ಕೊಯಮತ್ತೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸದ ಮೇಲಿರುತ್ತಾನೆ. ಅಜ್ಜಿ ಇಲ್ಲಿ ಕೌಂಟರಿನ ಮುಂದೆ ನಿಂತಿರುತ್ತಾಳೆ, ಒಟಿಪಿ ಅಲ್ಲಿ ಅವನ ಜೇಬಿನಲ್ಲಿ ಬರುತ್ತದೆ. ಅವನು ಫೋನ್ ಎತ್ತಿದರೆ ಅಂದಿನ ಕೆಲಸ ಆಯಿತು, ಎತ್ತದಿದ್ದರೆ ಒಂದು ದಿನದ ಕೂಲಿ ಹೋಯಿತು. ಹೀಗೆ ಒಟಿಪಿ ಎನ್ನುವುದು ಒಬ್ಬರಿಂದ ಒಬ್ಬರಿಗೆ ಫೋನಿನಲ್ಲಿ ಕೂಗಿ ಹೇಳುವ ನಂಬರು ಎಂದೇ ನಮ್ಮ ಹಿರಿಯರು ತಿಳಿದಿದ್ದಾರೆ. ಅದು ಮನೆಯ ಬೀಗದ ಕೀ ಇದ್ದಂತೆ ಎಂದು ನಾವು ಅವರಿಗೆ ತೋರಿಸಿಕೊಟ್ಟಿಲ್ಲ.

ಹೆಣ್ಣುಮಕ್ಕಳ ವಿಷಯವನ್ನೂ ಹೇಳಲೇಬೇಕು. ಮಗ ಹನ್ನೆರಡನೆಯ ತರಗತಿ ಮುಗಿಸಿದರೆ ಹೊಸ ಫೋನ್ ಬರುತ್ತದೆ. ಮಗಳು ಕಾಲೇಜಿಗೆ ಹೋದರೂ "ಅವಳಿಗ್ಯಾಕೆ, ಕೆಟ್ಟೋಗ್ತಾಳೆ" ಎಂಬ ಮಾತು. ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಒಂದು ಕಾಲೇಜಿನ ಮಹಿಳಾ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರ ತನಕ ಫೋನ್ ಬಳಸಬಾರದು ಎಂಬ ನಿಯಮ ಇತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಹಾಕಿದರು. ಆಕೆ ಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟ್ ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ, ಆಕೆಯನ್ನು ಹಾಸ್ಟೆಲಿಗೆ ಮತ್ತೆ ಸೇರಿಸಿಕೊಳ್ಳಲು ಆದೇಶ ಕೊಟ್ಟಿತು. ಮುಂದಿನ ವರ್ಷವೇ ಕೊರೋನಾ ಬಂದು ಶಾಲೆಗಳೆಲ್ಲ ಫೋನಿನೊಳಗೆ ಹೋದವು. ಒಂದೇ ಫೋನ್ ಇದ್ದ ಮನೆಯಲ್ಲಿ ಪಾಠ ಕೇಳಿದವರು ಯಾರು, ಪಾತ್ರೆ ತೊಳೆದವರು ಯಾರು ಎಂದು ನಮ್ಮ ನಮ್ಮ ಮನೆಯನ್ನೇ ನೆನಪು ಮಾಡಿಕೊಂಡರೆ ಸಾಕು. ಇಂದು ಫೋನ್ ಹಿಡಿಯಲು ಕಲಿಯದ ಮಗಳು ನಾಳೆ ದೊಡ್ಡಮ್ಮನ ಜಾಗದಲ್ಲಿ ನಿಲ್ಲುತ್ತಾಳೆ.

ಹುಡುಗರಾದ ನಾವೇನು ಬುದ್ಧಿವಂತರೇ? ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಲ್ಲಿ ಕಳೆದುಕೊಂಡವರು ನಮ್ಮ ಜೊತೆಯಲ್ಲೇ ಇದ್ದಾರೆ. ಇಂಥ ಆಟಗಳನ್ನು ದೇಶಾದ್ಯಂತ ನಿಷೇಧಿಸುವ ಕಾನೂನಿಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕಾನೂನು ಬಂದ ಮಾತ್ರಕ್ಕೆ ಚಟ ಹೋಗುವುದಿಲ್ಲ. ಸಾಲದ ಆಪ್‌ನಲ್ಲಿ ಸಿಕ್ಕಿಕೊಂಡವನೂ ದೊಡ್ಡಮ್ಮನ ಹಾಗೆಯೇ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಮೋಸ ಹೋದದ್ದಕ್ಕಿಂತ ಮುಚ್ಚಿಟ್ಟದ್ದರಿಂದಲೇ ಹೆಚ್ಚು ನಷ್ಟವಾಗುತ್ತದೆ.

ಇದು ಬರೀ ನೀತಿಯ ಮಾತಲ್ಲ, ಲೆಕ್ಕದ ಮಾತು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೀಗೆ ಹೇಳಿತ್ತು: ಗ್ರಾಹಕರು ತಾವೇ ಗುಟ್ಟಿನ ನಂಬರು ಹೇಳಿ ಹಣ ಕಳೆದುಕೊಂಡರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಅವರದೇ. ತಿಳಿಸಿದ ಮೇಲೆ ಹಣ ಹೋದರೆ ಅದು ಬ್ಯಾಂಕಿನ ಹೊಣೆ. ಹಣ ಹೋದ ಕೂಡಲೇ 1930 ನಂಬರಿಗೆ ಕರೆ ಮಾಡಿದರೆ, ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲೇ ತಡೆಯುವ ಅವಕಾಶ ಇರುತ್ತದೆ. ದೊಡ್ಡಮ್ಮ ಆ ಮಧ್ಯಾಹ್ನವೇ ನನ್ನನ್ನು ಕರೆದಿದ್ದರೆ ಏನಾದರೂ ಮಾಡಬಹುದಿತ್ತೇನೋ. ನಾಲ್ಕು ದಿನ ಅವರ ಬಾಯಿ ಕಟ್ಟಿದ್ದು ಬೈಗುಳದ ಭಯ. ಆದ್ದರಿಂದ ದೂರದಲ್ಲಿರುವ ಅಣ್ಣತಮ್ಮಂದಿರಿಗೆ ನನ್ನದೊಂದು ಬೇಡಿಕೆ. ಅಮ್ಮನಿಗೆ ಇವತ್ತೇ ಫೋನ್ ಮಾಡಿ, "ದುಡ್ಡು ಹೋದರೂ ನಾನು ಬೈಯಲ್ಲ, ಮೊದಲು ನನಗೆ ಹೇಳು" ಎಂದುಬಿಡಿ. ಇದಕ್ಕಿಂತ ದೊಡ್ಡ ಕಾವಲು ಇನ್ನೊಂದಿಲ್ಲ.

ಇನ್ನು ಊರಿನಲ್ಲಿರುವ ನಾವು ಏನು ಮಾಡಬಹುದು? ಕೇರಳದ ತಿರುವನಂತಪುರಂ ಜಿಲ್ಲೆಯ ಪುಲ್ಲಂಪಾರ ಎಂಬ ಪಂಚಾಯಿತಿಯಲ್ಲಿ ಸ್ವಯಂಸೇವಕರು ಮನೆಮನೆಗೆ, ನೂರು ದಿನದ ಕೆಲಸ ನಡೆಯುವ ಜಾಗಕ್ಕೇ ಹೋಗಿ ಹಿರಿಯರಿಗೆ ಫೋನ್ ಬಳಸುವುದನ್ನು ಕಲಿಸಿದರು. 2022ರಲ್ಲಿ ಅದನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿ ಎಂದು ಘೋಷಿಸಿದರು. ಅದೇ ದಾರಿಯನ್ನು ರಾಜ್ಯವೆಲ್ಲ ಹಿಡಿದು, 2025ರ ಆಗಸ್ಟ್ 21ರಂದು ಕೇರಳವೇ ಆ ಘೋಷಣೆ ಮಾಡಿಕೊಂಡಿತು. ಶುರುವಾದದ್ದು ಒಂದು ಪಂಚಾಯಿತಿಯಿಂದ.

ನನ್ನ ಸಲಹೆ ಇನ್ನೂ ಚಿಕ್ಕದು. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಗಂಟೆ. ಸರದಿಯಂತೆ ಇಬ್ಬರು ಯುವಕರು, ಇಬ್ಬರು ಯುವತಿಯರು ಕೂರುವುದು. ಯಾವ ಧರ್ಮದವರು ಬಂದರೂ ಸರಿ. ಒಂದೇ ಕಟ್ಟುಪಾಡು: ಹಿರಿಯರ ಫೋನನ್ನು ನಾವು ಮುಟ್ಟುವಂತಿಲ್ಲ. ಬಾಯಲ್ಲಿ ಹೇಳಬೇಕು, ಅವರೇ ಒತ್ತಬೇಕು. ಪಿನ್ ಹಾಕುವಾಗ, ಒಟಿಪಿ ಬಂದಾಗ ನಾವು ಮುಖ ಆ ಕಡೆ ತಿರುಗಿಸಬೇಕು.

ಕಲಿಸಬೇಕಾದ್ದೂ ಹೆಚ್ಚಿಲ್ಲ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುವುದು. ಪಿನ್ ಹಾಕುವುದು ಹಣ ಕೊಡುವುದಕ್ಕೆ, ಹಣ ಪಡೆಯಲು ಪಿನ್ ಬೇಕಾಗಿಲ್ಲ ಎಂಬುದು. ಪೊಲೀಸರು ವಿಡಿಯೋ ಕಾಲ್‌ನಲ್ಲಿ ಯಾರನ್ನೂ ಅರೆಸ್ಟ್ ಮಾಡುವುದಿಲ್ಲ, ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂಬುದು. ಬಟನ್ ಫೋನ್ ಇದ್ದವರಿಗೆ ಇಂಟರ್ನೆಟ್ ಇಲ್ಲದೆಯೂ ಕನ್ನಡದಲ್ಲೇ ಬ್ಯಾಂಕಿನ ಬಾಕಿ ನೋಡುವ *99# ಎಂಬ ದಾರಿ. ತಮ್ಮ ಆಧಾರ್‌ಗೆ, ಖಾತೆಗೆ ಯಾರ ನಂಬರು ಸೇರಿದೆ ಎಂದು ತಿಳಿದುಕೊಂಡು, ಆಧಾರ್ ಕೇಂದ್ರಕ್ಕೂ ಬ್ಯಾಂಕಿಗೂ ಹೋಗಿ ತಮ್ಮದೇ ನಂಬರು ಸೇರಿಸುವುದು. ಕೊನೆಗೆ 1930 ಎಂಬ ನಾಲ್ಕು ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡುವುದು.

ವಯಸ್ಸಾದವರಿಗೆ ಇದೆಲ್ಲ ತಲೆಗೆ ಹೋಗುವುದಿಲ್ಲ ಎನ್ನುವವರಿದ್ದಾರೆ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತಮಿಳು ಮಾತಾಡಿ ಎರಡು ರಾಜ್ಯದ ಸಂತೆಯಲ್ಲೂ ಮೋಸ ಹೋಗದೆ ವ್ಯಾಪಾರ ಮಾಡಿದವರು ಅವರು. ತಕ್ಕಡಿ ನೋಡಲು ಬಲ್ಲವರಿಗೆ ಫೋನ್ ಬಾರದೇ? ಬಾರದಿರುವುದು ನಮಗೆ ತಾಳ್ಮೆ. ನಮಗೆ ಟೈಮ್ ಇಲ್ಲ ಎಂಬ ಇನ್ನೊಂದು ಮಾತಿಗೆ, ಫೋನಿನ ಸೆಟ್ಟಿಂಗ್ಸ್ ತೆಗೆದು ನಾವು ದಿನಕ್ಕೆ ಎಷ್ಟು ಗಂಟೆ ರೀಲ್ಸ್ ನೋಡಿದ್ದೇವೆ ಎಂದು ಒಮ್ಮೆ ನೋಡಿಕೊಂಡರೆ ಉತ್ತರ ಅಲ್ಲೇ ಸಿಗುತ್ತದೆ.

2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕ್ಯೂಟಿಸ್ ನಮ್ಮಂತೆಯೇ ಕಂಪ್ಯೂಟರ್ ಇಷ್ಟಪಟ್ಟ ಹುಡುಗ. 2006ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 15 ವರ್ಷ. ವಿಡಿಯೋ ಗೇಮ್‌ಗೆ ವಾರಕ್ಕೆ ಒಂದೇ ಗಂಟೆ ಎಂದು ತಮಗೆ ತಾವೇ ಮಿತಿ ಹಾಕಿಕೊಂಡಿದ್ದರಂತೆ. ಕಂಪ್ಯೂಟರ್ ವಿದ್ಯೆಯನ್ನು ಚರ್ಚಿನ ಕೆಲಸಕ್ಕೆ, ಬೇರೆಯವರಿಗಾಗಿ ಬಳಸಿದರು. ಅವರ ಚಿತ್ರವನ್ನು ಸ್ಟೇಟಸ್‌ಗೆ ಹಾಕುವುದು ಸುಲಭ. ಆ ಒಂದು ಗಂಟೆಯ ಲೆಕ್ಕವನ್ನು ನಾವೂ ಹಿಡಿಯೋಣ.

ಮೊನ್ನೆ ದೊಡ್ಡಮ್ಮನ ಮನೆಗೆ ಗ್ಯಾಸ್ ಬುಕ್ ಮಾಡಲು ಹೋಗಿದ್ದೆ. ಫೋನ್ ಸದ್ದು ಮಾಡಿತು, ನಂಬರು ಬಂತು. ಹಳೆಯ ಅಭ್ಯಾಸ, ನನ್ನ ಕೈ ತಾನಾಗಿ ಮುಂದೆ ಹೋಯಿತು. ದೊಡ್ಡಮ್ಮ ಫೋನನ್ನು ಸೆರಗಿನ ಹತ್ತಿರ ಎಳೆದುಕೊಂಡು, "ನೀ ಒಸಿ ಆ ಕಡೆ ತಿರುಕೊ ಮಗ, ನಾನೇ ಒತ್ತೀನಿ" ಎಂದರು. ತಿರುಗಿ ನಿಂತೆ. ಸ್ವಲ್ಪ ಹೊತ್ತು ಹಿಡಿಯಿತು, ಆದರೆ ಅವರೇ ಒತ್ತಿದರು.

ಮುಂದಿನ ಭಾನುವಾರ ಪೂಜೆ ಆದ ಮೇಲೆ ಮನೆಗೆ ಓಡಬೇಡಿ. ಈ ವಿಷಯ ಮಾತಾಡಿ ತೀರ್ಮಾನ ಮಾಡೋಣ. ಮೇಜು ನಾನು ತರುತ್ತೇನೆ. ದೇವರು ಎಲ್ಲರನ್ನೂ ಕಾಪಾಡಲಿ.