ಬೀಡಿಯ ಸಾಲ ಬರೆದಿಡುವ ನಾವು ದುಡಿಮೆಯನ್ನು ಯಾಕೆ ಬರೆದಿಡುವುದಿಲ್ಲ?

ಹಾಸನೂರಿನಲ್ಲಿ ನನ್ನ ಅಬ್ಬನ ದಿನಸಿ ಅಂಗಡಿ ಇದೆ. ದಿಂಬಂ ಘಾಟಿಯ 27 ತಿರುವು ಹತ್ತಿ ಬಂದ ಲಾರಿಯವರು ಅಲ್ಲಿ ನಿಲ್ಲಿಸುತ್ತಾರೆ. ಗುರುತಿನ ಡ್ರೈವರ್ ಒಂದು ಕಟ್ಟು ಬೀಡಿ ಸಾಲ ಕೇಳಿದರೂ ಅಬ್ಬ ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡುತ್ತಾರೆ. ವ್ಯಾಪಾರಿ ಬ್ಯಾರಿಗೆ ಲೆಕ್ಕ ಕಲಿಸಬೇಕಾಗಿಲ್ಲ.

ಆದರೆ ಕೆಲಸದವನ ದುಡಿಮೆಯ ಲೆಕ್ಕ ಎಲ್ಲಿದೆ?

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನಾನು ನಮ್ಮವರೇ ಒಬ್ಬರ ವರ್ಕ್‌ಶಾಪಿನಲ್ಲಿ ಆರು ವರ್ಷ ದುಡಿದೆ. ಲೇತ್, ಗೇರ್‌ಬಾಕ್ಸ್, ಪಂಪ್ ರಿಪೇರಿ, ಎಲ್ಲ ಮಾಡಿದೆ. ಶನಿವಾರ ಸಂಜೆ ಸಂಬಳ ಕೈಗೆ ಬರುತ್ತಿತ್ತು. ನೇಮಕದ ಪತ್ರವಿಲ್ಲ, ಸಂಬಳದ ಚೀಟಿಯಿಲ್ಲ, ಬ್ಯಾಂಕಿಗೆ ಒಂದು ರೂಪಾಯಿ ಜಮಾ ಇಲ್ಲ. ಆಗ ಅದು ಕೊರತೆ ಅಂತ ನನಗೂ ಅನಿಸಿರಲಿಲ್ಲ.

ಗೊತ್ತಾದದ್ದು ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕಲು ಕೂತಾಗ. ನಮ್ಮ ಮನೆಗಳಲ್ಲಿ ಸ್ಪಾನ್ಸರ್ ಅಂದರೆ ಗಲ್ಫಿನ ಕಫೀಲ್. ಅಲ್ಲಿರುವ ಸಂಬಂಧಿಕರು ವೀಸಾ ಹುಡುಕುತ್ತಾರೆ, ಇಲ್ಲಿ ಉಮ್ಮನ ಬಳೆ ಅಡವಿಗೆ ಹೋಗುತ್ತದೆ. ಎರಡು ತಲೆಮಾರು ಹೀಗೆ ಕಳೆದಿದ್ದರಿಂದ ವೀಸಾ ಅಂದರೆ ಕೊಳ್ಳುವ ವಸ್ತು ಎಂದೇ ನಂಬಿದ್ದೇವೆ. ಆಸ್ಟ್ರೇಲಿಯಾದ 491 ವೀಸಾ ಹಾಗಲ್ಲ. ಅಲ್ಲಿ ಹೆಚ್ಚಿನವರಿಗೆ ಸ್ಪಾನ್ಸರ್ ಒಂದು ರಾಜ್ಯ ಸರಕಾರ. ದೊಡ್ಡ ನಗರ ಬಿಟ್ಟು ಬೇರೆ ಕಡೆ ಇದ್ದು ಕೆಲಸ ಮಾಡಲು ಒಪ್ಪುವ ಕುಶಲ ಕೆಲಸಗಾರನನ್ನು ಅದು ಆರಿಸುತ್ತದೆ. ವೀಸಾ ಐದು ವರ್ಷಕ್ಕೆ. ಮೂರು ವರ್ಷ ಶರತ್ತು ಪಾಲಿಸಿದವನು ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅರ್ಹತೆಗೆ ಕನಿಷ್ಠ 65 ಅಂಕ ಬೇಕು. ರಾಜ್ಯ ಹೆಸರು ಸೂಚಿಸಿದರೆ 15 ಅಂಕ. ಹೊರದೇಶದ ಐದು ವರ್ಷ ದಾಟಿದ, ಎಂಟು ವರ್ಷದೊಳಗಿನ ಅನುಭವಕ್ಕೆ 10 ಅಂಕ.

ನನ್ನ ಆರು ವರ್ಷಕ್ಕೆ ಆ 10 ಅಂಕ ಸಿಗಬಹುದಿತ್ತು. ಕಾಗದವಿಲ್ಲದ್ದರಿಂದ ಸೊನ್ನೆ.

ಪತ್ರ ಕೇಳಲು ಹೋದೆ. "ಪತ್ರ ಕೊಟ್ಟರೆ ಪಿಎಫ್, ಇಎಸ್‌ಐಯವರು ಬಂದು ಕೂರುತ್ತಾರೆ ಮೋನೆ" ಅಂದರು ಯಜಮಾನರು. ಅವರಲ್ಲಿ ಇದ್ದದ್ದು ಆರು ಜನ. ಪಿಎಫ್ ಕಡ್ಡಾಯವಾಗುವುದು 20 ಜನರಿದ್ದಾಗ, ಇಎಸ್‌ಐ ಸಾಮಾನ್ಯವಾಗಿ 10 ಜನರಿದ್ದಾಗ. ನಿಜವಾದ ಕಾರಣ ಅವರ ಮಗ ಆಮೇಲೆ ಹೇಳಿದ: ಪತ್ರ ಕೈಗೆ ಬಂದರೆ ಉಳಿದ ಹುಡುಗರೂ ಬಿಟ್ಟು ಹೋಗುತ್ತಾರಂತೆ.

ಕಫೀಲ್ ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡರೆ ನಾವು ಜುಲುಮು ಅನ್ನುತ್ತೇವೆ. ಊರಿನಲ್ಲಿ ನಮ್ಮದೇ ಹುಡುಗನ ಅನುಭವದ ಪತ್ರ ಹಿಡಿದಿಟ್ಟುಕೊಂಡರೆ ಅದಕ್ಕೆ ಏನನ್ನಬೇಕು? ವ್ಯವಹಾರ ಜ್ಞಾನವೇ?

ಈ ಕೊರತೆಯ ಮೇಲೆಯೇ ಏಜೆಂಟರ ಹೊಟ್ಟೆ ತುಂಬುತ್ತದೆ. ನನ್ನ ಫೈಲಿಗೆಂದು ಅಬ್ಬ ಅಂಗಡಿಯ ಬಂಡವಾಳದಿಂದ 80 ಸಾವಿರ ಎಣಿಸಿ ಕೊಟ್ಟರು. ಪತ್ರವಿಲ್ಲ ಅಂದಾಗ ಏಜೆಂಟ್ ನಕ್ಕು, "ನಾವೇ ಮಾಡಿಸುತ್ತೇವೆ, ಇನ್ನೊಂದು 40 ಕೊಡಿ" ಅಂದ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಆಸ್ಟ್ರೇಲಿಯಾ 3 ವರ್ಷ, ಕೆನಡಾ 5 ವರ್ಷ ಬಾಗಿಲು ಹಾಕುತ್ತದೆ ಎಂಬುದನ್ನು ಅವನು ಹೇಳಲಿಲ್ಲ. ನಾನು ಒಪ್ಪಲಿಲ್ಲ. 80 ಸಾವಿರ ವಾಪಸು ಬರಲೂ ಇಲ್ಲ.

2025ರಲ್ಲಿ ದಾರಿ ಇನ್ನೂ ಕಿರಿದಾಯಿತು. ಕೆನಡಾ ಪ್ರಾಂತೀಯ ನಾಮನಿರ್ದೇಶನದ ಗುರಿಯನ್ನು 2024ರ 1,10,000ದಿಂದ 2025ಕ್ಕೆ 55,000ಕ್ಕೆ ಇಳಿಸಿತು. ಜಾಬ್ ಆಫರ್ ಮಾರಾಟದ ದಂಧೆ ತಡೆಯಲು, ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಆಫರ್‌ಗೆ ಸಿಗುತ್ತಿದ್ದ ಹೆಚ್ಚುವರಿ ಅಂಕವನ್ನೂ 2025ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ಜಾಗ ಕಡಿಮೆಯಾದಷ್ಟೂ ಸಾಚಾ ಕಾಗದಕ್ಕೆ ಬೆಲೆ ಹೆಚ್ಚು.

"ಎಲ್ಲರೂ ಹೊರಟರೆ ಊರಿನ ಗತಿಯೇನು?" ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ಸರಿ. ಉಳಿಸಿಕೊಳ್ಳಬೇಕೆಂದರೆ ಸಂಬಳ ಹೆಚ್ಚಿಸಿ, ಗೌರವ ಕೊಡಿ. ಕಾಗದ ಅಡಗಿಸಿ ಉಳಿಸಿಕೊಂಡವನು ಉಳಿದವನಲ್ಲ, ಸಿಕ್ಕಿಹಾಕಿಕೊಂಡವನು.

ವರ್ಕ್‌ಶಾಪ್, ಅಂಗಡಿ, ಹೋಟೆಲ್ ನಡೆಸುವ ಕಾಕಂದಿರೇ, ಸಂಬಳವನ್ನು ಬ್ಯಾಂಕಿಗೆ ಹಾಕಿ. ಬಿಟ್ಟು ಹೋಗುವವನಿಗೆ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದುಕೊಡಿ: ಯಾವ ಕೆಲಸ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಸಂಬಳ. ಮಕ್ಕಳನ್ನು ಕಳುಹಿಸಲು ಹೊರಟ ತಂದೆ ತಾಯಂದಿರೇ, ಏಜೆಂಟನಿಗೆ ದುಡ್ಡು ಎಣಿಸುವ ಮೊದಲು ಮಗನ ಕೈಯಲ್ಲಿ ಈ ಕಾಗದ ಇದೆಯೇ ನೋಡಿ.

ಇದನ್ನು ಬರೆಯುವ ಮೊದಲು ನಮ್ಮ ಅಂಗಡಿಯನ್ನೇ ನೋಡಿದೆ. ಒಂಬತ್ತು ವರ್ಷದಿಂದ ಮೂಟೆ ಇಳಿಸಿ ಲೆಕ್ಕ ನೋಡುವ ಹುಡುಗನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನು ಕೆನಡಾಕ್ಕೆ ಹೋಗುವವನಲ್ಲ, ಆದರೂ ಪತ್ರ ಟೈಪ್ ಮಾಡಿಸಿ ಅಬ್ಬನ ಮುಂದಿಟ್ಟೆ. ಅಬ್ಬ ಎರಡು ಸಲ ಓದಿ, ಸೇರಿದ ತಾರೀಖು ತಪ್ಪಾಗಿದೆ ಎಂದು ತಿದ್ದಿ, ಸಹಿ ಹಾಕಿದರು. ಖರ್ಚಾದದ್ದು ಹತ್ತು ರೂಪಾಯಿ.