ಎಷ್ಟು ತಿರುಗಿದೆ ಎಂಬುದೇ ಕೋನ

ಹಲಗೆಯ ಮೇಲೆ 40 ಡಿಗ್ರಿಯ ಎರಡು ಕೋನಗಳನ್ನು ಬರೆಯಿರಿ. ಒಂದರ ಗೆರೆಗಳು ಗೇಣುದ್ದ ಇರಲಿ, ಇನ್ನೊಂದರವು ಬೆರಳುದ್ದ. ಯಾವ ಕೋನ ದೊಡ್ಡದು ಎಂದು ನಾಲ್ಕನೇ ತರಗತಿಯ ಮಕ್ಕಳನ್ನು ಕೇಳಿದರೆ ಹಲವರು ಗೇಣುದ್ದದ್ದನ್ನೇ ತೋರಿಸುತ್ತಾರೆ. ಅದನ್ನು ದಡ್ಡತನ ಎನ್ನಲಾಗದು. ಗೆರೆ ಎಂದರೆ ಅಳೆಯಬೇಕಾದ್ದು ಉದ್ದ ಎಂದೇ ಅವರು ಅಲ್ಲಿಯವರೆಗೆ ಕಲಿತಿರುತ್ತಾರೆ.

ಕೋನದಲ್ಲಿ ಅಳೆಯುವುದು ಒಂದು ಗೆರೆ ಇನ್ನೊಂದರಿಂದ ಎಷ್ಟು ತಿರುಗಿದೆ ಎಂಬುದನ್ನು. ತರಗತಿಯ ಬಾಗಿಲೇ ಇದಕ್ಕೆ ಒಳ್ಳೆಯ ಪಾಠೋಪಕರಣ. ಕೀಲು ಇರುವ ಜಾಗ ಶೃಂಗ, ಅಂದರೆ ಎರಡು ಗೆರೆಗಳು ಕೂಡುವ ಬಿಂದು. ಹೊಸ್ತಿಲು ಒಂದು ಬಾಹು, ಬಾಗಿಲ ಕೆಳಅಂಚು ಇನ್ನೊಂದು. ಬಾಗಿಲು ತೆರೆದಷ್ಟೂ ಕೋನ ಹಿಗ್ಗುತ್ತದೆ; ಬಾಗಿಲ ಅಗಲ ಎರಡಡಿಯೋ ನಾಲ್ಕಡಿಯೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಮನಸ್ಸಿಗೆ ಹತ್ತಿದ ಮೇಲೆ ಹೆಸರುಗಳು. ಮೊದಲು ಲಂಬಕೋನ, ಏಕೆಂದರೆ ಉಳಿದವನ್ನು ಗುರುತಿಸುವುದು ಅದಕ್ಕೆ ಹೋಲಿಸಿಯೇ. ಅಂಕುಡೊಂಕು ಅಂಚಿನ ರದ್ದಿ ಕಾಗದವೊಂದನ್ನು ಮಡಿಸಿದರೆ ನೇರ ಅಂಚು ಸಿಗುತ್ತದೆ. ಆ ಅಂಚು ತನ್ನ ಮೇಲೆಯೇ ಸರಿಯಾಗಿ ಕೂರುವಂತೆ ಇನ್ನೊಮ್ಮೆ ಮಡಿಸಿದರೆ ಮೂಲೆಯಲ್ಲಿ ಲಂಬಕೋನ ಸಿದ್ಧ. ನೇರ ಗೆರೆಯೆಂದರೆ ಅರ್ಧ ಸುತ್ತು, 180 ಡಿಗ್ರಿ, ಅದೇ ಸರಳಕೋನ. ಎರಡನೆಯ ಮಡಿಕೆ ಅದನ್ನು ಸಮನಾಗಿ ಪಾಲು ಮಾಡುತ್ತದೆ. ಹೀಗೆ ಕಾಗದ ಮಡಿಸುತ್ತಲೇ ರೇಖಾಗಣಿತ ಕಲಿಸುವ ಪುಸ್ತಕವನ್ನು ಟಿ. ಸುಂದರ ರಾವ್ ಅವರು 1893ರಲ್ಲೇ ಮದ್ರಾಸಿನಲ್ಲಿ ಪ್ರಕಟಿಸಿದ್ದರು.

ಆ ಮಡಿಕೆಯನ್ನು ಹಿಡಿದು ಮಕ್ಕಳು ಊರೆಲ್ಲ ಅಳೆಯಲಿ. ಮಡಿಕೆಯ ಮೂಲೆ ಸರಿಯಾಗಿ ಕೂತರೆ ಲಂಬಕೋನ. ಅದಕ್ಕಿಂತ ಕಿರಿದಾದರೆ ಲಘುಕೋನ, ತುಸುವೇ ತೆರೆದ ಕತ್ತರಿಯಲ್ಲಿ ಕಾಣುವಂಥದ್ದು. ಅದಕ್ಕಿಂತ ಹಿರಿದಾಗಿ, ನೇರ ಗೆರೆಯಷ್ಟು ಚಾಚಿಕೊಳ್ಳದಿದ್ದರೆ ವಿಶಾಲಕೋನ; ಹೆಂಚಿನ ಮನೆಯ ಎರಡು ಇಳಿಜಾರುಗಳು ನೆತ್ತಿಯಲ್ಲಿ ಕೂಡುವಾಗ ಸಾಮಾನ್ಯವಾಗಿ ಆಗುವುದು ಇದೇ.

ಇನ್ನೊಂದು ತೊಡಕಿದೆ. ಲಂಬಕೋನವನ್ನು ಓರೆಯಾಗಿ ಬರೆದರೆ ಎಷ್ಟೋ ಮಕ್ಕಳು ಅದನ್ನು ಗುರುತಿಸುವುದಿಲ್ಲ. ನೆಟ್ಟಗೆ ನಿಂತ ಚಿತ್ರವನ್ನೇ ಪುಟಪುಟದಲ್ಲೂ ನೋಡಿ, ಆ ನಿಲುವೇ ಅದರ ಗುಣ ಎಂದುಕೊಂಡಿರುತ್ತಾರೆ. ನೆದರ್ಲೆಂಡ್ಸಿನ ಗಣಿತ ಶಿಕ್ಷಕ ದಂಪತಿ ಪಿಯರ್ ಮತ್ತು ಡೀನಾ ವಾನ್ ಹೀಲೆ 1957ರಲ್ಲಿ ವಿವರಿಸಿದ್ದು ಇಂಥದ್ದನ್ನೇ: ಮಗು ಆಕೃತಿಯನ್ನು ಮೊದಲು ಒಟ್ಟು ನೋಟದಿಂದ ಗುರುತಿಸುತ್ತದೆ, ಆಮೇಲೆ ಗುಣಗಳಿಂದ, ಈ ಮೆಟ್ಟಿಲು ಏರಲು ವಯಸ್ಸಿಗಿಂತ ತಕ್ಕ ಅನುಭವ ಮುಖ್ಯ. ಆದ್ದರಿಂದ ಚಿತ್ರಗಳನ್ನು ತಿರುಗಿಸಿ, ಮಲಗಿಸಿ, ಬುಡಮೇಲು ಮಾಡಿ ತೋರಿಸಬೇಕು.

ಕೋನಮಾಪಕ ಆಮೇಲೆ ಬರಲಿ ಎಂಬುದು ನನ್ನ ಅಭಿಪ್ರಾಯ. ಅದರ ಮೇಲೆ ಎದುರುಬದುರಾಗಿ ಸಾಗುವ ಎರಡು ಸಾಲು ಅಂಕಿಗಳಿರುತ್ತವೆ; 60 ಓದಬೇಕಾದಲ್ಲಿ ಮಗು 120 ಓದುವುದು ಅದಕ್ಕೇ. ‘ಇದು ಲಘುಕೋನ’ ಎಂದು ಮೊದಲೇ ಕಣ್ಣಳತೆಯಲ್ಲಿ ಕಂಡುಕೊಂಡ ಮಗು 120 ಓದಿದ ಕೂಡಲೇ ಅನುಮಾನಪಟ್ಟು ಮತ್ತೆ ನೋಡುತ್ತದೆ. ಆ ಅನುಮಾನ ಹುಟ್ಟಲಿಕ್ಕಾದರೂ ಮಡಿಸಿದ ಕಾಗದದ ಜೊತೆ ಒಂದು ವಾರ ಕಳೆಯಬೇಕು.

ಅವಸರವಿಲ್ಲದ ಒಂದು ಮಧ್ಯಾಹ್ನ ಗೋಡೆ ಗಡಿಯಾರ ತೋರಿಸಿ ಕೇಳಿ. ಮೂರು ಗಂಟೆಗೆ ಮುಳ್ಳುಗಳ ನಡುವೆ ಲಂಬಕೋನ, ಮೂರೂವರೆಗೆ? ದೊಡ್ಡ ಮುಳ್ಳು ಆರರ ಮೇಲಿದೆ, ಆದ್ದರಿಂದ ಆಗಲೂ ಲಂಬಕೋನವೇ ಎನ್ನುತ್ತಾರೆ. ಗಡಿಯಾರ ಕೆಳಗಿಳಿಸಿ ಮಡಿಕೆಯನ್ನು ಅವರ ಕೈಗೆ ಕೊಡಿ. ಮೂಲೆ ಅಲ್ಲಿ ಕೂರುವುದಿಲ್ಲ. ಚಿಕ್ಕ ಮುಳ್ಳು ಅಷ್ಟರಲ್ಲಿ ಮೂರನ್ನು ದಾಟಿ ನಾಲ್ಕರತ್ತ ಅರ್ಧ ದಾರಿ ಸಾಗಿರುತ್ತದೆ.