ಕೈ ಉರಿದರೆ ನರ್ಸಿಗೆ ಹೇಳಿ

ಆಸ್ಪತ್ರೆಗೆ ಸೇರಿಸಿದ ಮೇಲೆ ರೋಗಿಗೆ ಏನೂ ಕೆಲಸ ಇಲ್ಲ, ಸುಮ್ಮನೆ ಮಲಗಿದರೆ ಸಾಕು, ಉಳಿದದ್ದು ಡಾಕ್ಟರು, ನರ್ಸುಗಳು ನೋಡಿಕೊಳ್ಳುತ್ತಾರೆ ಅಂತ ನಮ್ಮ ಮನೆಗಳಲ್ಲಿ ಒಂದು ನಂಬಿಕೆ ಉಂಟು. ಹೃದಯದ ಬಡಿತ ತಾಳ ತಪ್ಪಿದಾಗ ನರಕ್ಕೆ ಕೊಡುವ ಔಷಧಿಯ ವಿಷಯದಲ್ಲಿ ಈ ನಂಬಿಕೆ ನಡೆಯುವುದಿಲ್ಲ.

ಅಮಿಯೊಡರೋನ್ ಎಂಬ ಔಷಧಿ ನೋಡಿ. ಸಾಮಾನ್ಯವಾಗಿ ಮೊದಲು 150 ಮಿಲಿಗ್ರಾಂ 10 ನಿಮಿಷದಲ್ಲಿ ಕೊಟ್ಟು, ಆಮೇಲೆ ಪಂಪಿನಲ್ಲಿ 24 ಗಂಟೆಯವರೆಗೂ ಸಣ್ಣಗೆ ಹರಿಸುತ್ತಾರೆ. ಬಡಿತ ಹೇಗಿದೆ, ಬಿಪಿ ಇಳಿಯಿತೇ ಎಂಬುದನ್ನು ಮಾನಿಟರ್ ತೋರಿಸುತ್ತದೆ. ಆದರೆ ಸೂಜಿ ಹಾಕಿದ ಕೈ ಉರಿಯುವುದನ್ನು ಅದು ತೋರಿಸುವುದಿಲ್ಲ. ಈ ಔಷಧಿ ಕೈಯ ಸಣ್ಣ ನರಕ್ಕೆ ಬಲು ಒರಟು. ನರ ಕೆಂಪಾಗಿ ಊದುತ್ತದೆ, ಹಗ್ಗದ ಹಾಗೆ ಗಟ್ಟಿಯಾಗುತ್ತದೆ. ಹೊರಗೆ ಸೋರಿದರೆ ಸುತ್ತಲಿನ ಚರ್ಮಕ್ಕೂ ಪೆಟ್ಟು. ಬೇಗ ತಿಳಿದರೆ ನರ್ಸ್ ಆ ಕೈಯಲ್ಲಿ ಹರಿಸುವುದನ್ನು ನಿಲ್ಲಿಸಿ ಬೇರೆ ಕಡೆ ಸೂಜಿ ಹಾಕುತ್ತಾರೆ, ಬೇಕಾದರೆ ಡಾಕ್ಟರು ದೊಡ್ಡ ನರಕ್ಕೇ ಕೊಳವೆ ಹಾಕುತ್ತಾರೆ. ಬೇಗ ತಿಳಿಸಬೇಕಾದವರು ಹಾಸಿಗೆಯಲ್ಲಿ ಇರುವವರೇ.

ಅಲ್ಲೇ ನಮ್ಮವರ ತೊಂದರೆ. ಉಮ್ಮಂದಿರು ಕೈಯನ್ನು ಶಾಲಿನೊಳಗೆ ಇಟ್ಟುಕೊಂಡು ಸಬರ್ ಅಂತ ಹಲ್ಲು ಕಚ್ಚುತ್ತಾರೆ. ಸಬರ್ ಅಂದರೆ ಬಾಯಿ ಮುಚ್ಚಿಕೊಳ್ಳುವುದು ಅಂತ ನಾವು ಯಾವ ಮದ್ರಸದಲ್ಲೂ ಕಲಿಸಿಲ್ಲ. ಭಾಷೆಯ ನೆಪವೂ ಬೇಡ. ಮಂಗಳೂರಿನ ಆಸ್ಪತ್ರೆಗಳಲ್ಲಿ ಕೇರಳದ ನರ್ಸುಗಳು ಬೇಕಾದಷ್ಟು ಇದ್ದಾರೆ, ಬ್ಯಾರಿ ಮಾತು ಅವರಿಗೆ ಹೆಚ್ಚುಕಮ್ಮಿ ಅರ್ಥವಾಗುತ್ತದೆ. ಆಗದಿದ್ದರೆ ಬೆರಳು ಮಾಡಿ ತೋರಿಸಿದರೂ ಆಯಿತು.

ನರ್ಸುಗಳ ಪಾಲೂ ಇದೆ. ಅಡೆನೊಸಿನ್ ಎಂಬ ಇಂಜೆಕ್ಷನ್ ಕೊಟ್ಟಾಗ ಕೆಲವು ಸೆಕೆಂಡು ಎದೆ ಹಿಂಡಿ, ಜೀವವೇ ಹೋದ ಹಾಗೆ ಅನಿಸಬಹುದು. ಬೇಗ ಸರಿಯಾಗುತ್ತದೆ, ನಿಜ. ಆದರೆ ಮೊದಲೇ ಒಂದು ಮಾತು ಹೇಳದೆ ಕೊಡುವುದು ಸರಿಯಲ್ಲ. ಎಷ್ಟೇ ಬೆಡ್ ನೋಡುವುದಿದ್ದರೂ ಆ ಒಂದು ಮಾತಿಗೆ ಅರ್ಧ ನಿಮಿಷ ಸಾಕು. ನಾವೂ ಹೇಳಬೇಕಾದದ್ದಿದೆ: ಆಸ್ತಮಾ ಇದ್ದರೆ ಹೇಳಲೇಬೇಕು. ಸ್ವಲ್ಪ ಮೊದಲು ಚಾ, ಕಾಫಿ ಕುಡಿದಿದ್ದರೆ ಅದನ್ನೂ ಹೇಳಬೇಕು, ಯಾಕೆಂದರೆ ಅದರಿಂದ ಈ ಇಂಜೆಕ್ಷನಿನ ಶಕ್ತಿ ಕಡಿಮೆಯಾಗುತ್ತದೆ.

ಪಂಪ್ ಕೂಗಿದ ಕೂಡಲೇ ತಾವೇ ಗುಂಡಿ ಒತ್ತಿ ಸುಮ್ಮನಾಗಿಸುವ ಜಾಣರೂ ನಮ್ಮಲ್ಲಿದ್ದಾರೆ. ದಯವಿಟ್ಟು ಬೇಡ ಮಾರಾಯ್ರೆ, ನರ್ಸನ್ನು ಕರೆಯಿರಿ. ವುಳೂ ಮಾಡಲು ಹೋಗಿ ಸೂಜಿಯ ಪ್ಲಾಸ್ಟರ್ ಒದ್ದೆ ಮಾಡಬೇಡಿ. ರೋಗಿಗೆ ಶರೀಅತ್ತಿನಲ್ಲಿ ವಿನಾಯಿತಿ ಇದೆ, ನಿಮ್ಮ ಜಮಾಅತಿನ ಉಸ್ತಾದರಲ್ಲಿ ಕೇಳಿಕೊಳ್ಳಿ. ನೋಡಲು ಹೋದ ಹತ್ತು ಜನರಲ್ಲಿ ಒಬ್ಬರಾದರೂ ಆ ಶಾಲು ಸರಿಸಿ, ಕೈ ಕೆಂಪಾಗಿದೆಯಾ ಅಂತ ನೋಡಿ ಬನ್ನಿ.